ಒಂಬತ್ತು ಊರಿನ ಪಾಸ್‌ವರ್ಡ್

ಸೋಮವಾರ ಮುಂಜಾನೆ ಕುಂದಗೋಳದಿಂದ ಸಂಶಿಗೆ ಹೊರಟ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತು, ಅದೂ ಕಿಟಕಿ ಬಾಜುವಿನದು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ನಾನು ಅಂಜಿದೆ. ದಿನ ಚೆನ್ನಾಗಿ ಶುರುವಾದರೆ ಮುಂದೆ ಏನೋ ಕಾದಿದೆ ಅಂತ ತಿಳಿಯುವ ಸ್ವಭಾವ ನನ್ನದು. ಇದನ್ನೇ ಹಿಡಿದುಕೊಂಡು ನನ್ನ ಗಂಡ ಮೂರು ಹೊತ್ತೂ ನಗುತ್ತಾರೆ. ಅವತ್ತು ಬಸ್ಸು ಊರು ದಾಟುವ ಮೊದಲೇ ಫೋನು ಬಂತು.

ಫೋನು ಮಾಡಿದವಳು ನಮ್ಮ ಆಸ್ಪತ್ರೆಯ ಕಮಡೊಳ್ಳಿ ಸಿಸ್ಟರ್. ನಮ್ಮಲ್ಲಿ ಒಂಬತ್ತು ಮಂದಿ ನರ್ಸುಗಳಿದ್ದಾರೆ, ಅವರಲ್ಲಿ ಮೂವರದು ಒಂದೇ ಹೆಸರು. ಹೀಗಾಗಿ ಹೆಸರಿನ ಗೊಡವೆಯೇ ಬೇಡವೆಂದು ಎಲ್ಲರನ್ನೂ ಊರು ಹಿಡಿದೇ ಕರೆಯುತ್ತೇವೆ. ಕಮಡೊಳ್ಳಿ ಸಿಸ್ಟರ್, ಯರಗುಪ್ಪಿ ಸಿಸ್ಟರ್, ಗುಡಗೇರಿ ಸಿಸ್ಟರ್. ಪೇಷಂಟುಗಳೂ ಹಾಗೇ ಕರೆಯುತ್ತಾರೆ.

"ಅಕ್ಕಾರ, ಕಂಪ್ಯೂಟರ್ ಒಳಗ ಬಿಡವಲ್ದ್ರಿ."

"ಕ್ಯಾಪ್ಸ್ ಲಾಕ್ ಹತ್ತೇತೇನು ನೋಡ್ರಿ," ಅಂದೆ. ಕಂಪ್ಯೂಟರ್ ನೋಡಿಕೊಳ್ಳುವ ನನ್ನಂಥವರು ಮೊದಲು ಹೇಳುವ ಮಾತು ಅದೇ. ಅರ್ಧ ಸಲ ಅದರಲ್ಲೇ ಮುಗಿಯುತ್ತದೆ.

"ನೋಡೇನ್ರಿ. ಯರಗುಪ್ಪಿ ಸಿಸ್ಟರೂ ನೋಡ್ಯಾಳ. ಆಕಿಗೂ ಬಿಡವಲ್ದು. ಮ್ಯಾಲಿನ ವಾರ್ಡಿನ್ಯಾಗೂ ಬಿಡವಲ್ದು. ಮುಂಜಾನಿ ಕರೆಂಟ್ ಹೋಗಿ ಬಂದಿತ್ತಲ್ರಿ, ಅದಕ್ಕ ಹಿಂಗಾತೋ ಏನೋ."

ಕರೆಂಟಿನಿಂದ ಆಗಿರಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನ, ರವಿವಾರ, ಆ ಯಂತ್ರಕ್ಕೆ ಕೈ ಹಚ್ಚಿದವಳು ನಾನು.

ನಮ್ಮದು ಸಂಶಿಯಲ್ಲಿ ಒಂದು ಟ್ರಸ್ಟಿನ ಸಣ್ಣ ಹೆರಿಗೆ ಆಸ್ಪತ್ರೆ. ಕೆಳಗೆ ಓಪಿಡಿ ಮತ್ತು ಹೆರಿಗೆ ಕೋಣೆ, ಮೇಲೆ ಬಾಣಂತಿಯರ ವಾರ್ಡು. ಬಟ್ಟೆ ಇಡುವ ಕೋಣೆಯ ಮೂಲೆಯಲ್ಲಿ, ಮಡಿಚಿಟ್ಟ ಹಸಿರು ಚಾದರಗಳ ಬಾಜುವಿಗೆ, ಒಂದು ಲಿನಕ್ಸ್ ಸರ್ವರ್ ಕೂತಿದೆ. ಬಂದವರ ಕೇಸುಗಳೆಲ್ಲ ಅದರೊಳಗೆ. ಸಿಸ್ಟರುಗಳು ತಮ್ಮ ತಮ್ಮ ವಾರ್ಡಿನ ಟರ್ಮಿನಲ್ಲಿನಿಂದ ಲಾಗಿನ್ ಆಗಿ ಅಲ್ಲಿಯೇ ಬರೆಯುತ್ತಾರೆ, ಅಲ್ಲಿಯೇ ಓದುತ್ತಾರೆ. ಕಾಗದದ ಫೈಲು ಇಡುವುದನ್ನು ಬಿಟ್ಟು ಮೂರು ವರ್ಷವಾಯಿತು. ಬಿಡಿಸಿದವಳೂ ನಾನೇ.

ರವಿವಾರ ನಾನು ಮಾಡಿದ್ದು ಇಷ್ಟು. ಸರ್ವರ್ ಯಾರ ಪಾಸ್‌ವರ್ಡನ್ನೂ ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅದನ್ನು ಗುರುತು ಸಿಗದ ಹಾಗೆ ಅರೆದು, ಅರೆದದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ನೀವು ಮತ್ತೆ ಪಾಸ್‌ವರ್ಡ್ ಹೊಡೆದಾಗ ಅದನ್ನೂ ಅರೆದು, ಎರಡನ್ನೂ ತಾಳೆ ನೋಡಿ ಒಳಗೆ ಬಿಡುತ್ತದೆ. ನಮ್ಮಲ್ಲಿದ್ದ ಹ್ಯಾಶ್‌ಗಳು ಓಬೀರಾಯನ ಕಾಲದವು. ಯಂತ್ರ ಹಳತಾದಾಗಲೆಲ್ಲ ಹೊಸ ಯಂತ್ರ ತಂದು, ಆ ಪಾಸ್‌ವರ್ಡ್ ಫೈಲನ್ನು ಮಾತ್ರ ಹಾಗೇ ಎತ್ತಿ ಇಟ್ಟುಕೊಂಡು ಬಂದಿದ್ದರು. ಒಂದೊಂದು ಹ್ಯಾಶೂ ಹದಿಮೂರೇ ಅಕ್ಷರ. ಈಗಿನವು ಸಾಲು ತುಂಬ ಇರುತ್ತವೆ. ಹಳೆಯದನ್ನು ಒಡೆಯುವುದು ಇವತ್ತು ಯಾರಿಗೂ ದೊಡ್ಡ ಕೆಲಸವಲ್ಲ. ಅದನ್ನು ನೆನೆದು ನಾನು ಎಷ್ಟೋ ದಿನ ಅಂಜಿದ್ದೆ.

ಅರೆದ ಮೇಲೆ ಕಾಳು ವಾಪಸು ಬರುವುದಿಲ್ಲವಲ್ಲ, ಹಳೆಯ ಹ್ಯಾಶಿನಿಂದ ಹೊಸದನ್ನು ಮಾಡಲಾಗದು. ಮನುಷ್ಯರೇ ಬಂದು ಪಾಸ್‌ವರ್ಡ್ ಹೊಡೆಯಬೇಕು. ಅದಕ್ಕೆ ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಯಾರಾದರೂ ಲಾಗಿನ್ ಆದಾಗ ಮೊದಲು ಹಳೆಯ ಹ್ಯಾಶಿನಿಂದ ಪರೀಕ್ಷೆ. ಸರಿ ಬಂದರೆ ಅವರು ಹೊಡೆದ ಪಾಸ್‌ವರ್ಡನ್ನೇ ಹೊಸ ರೀತಿಯಲ್ಲಿ ಅರೆದು, ಹಳೆಯದನ್ನು ಅಳಿಸಿ, ಹೊಸದನ್ನು ಇಟ್ಟು, ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ಫೈಲಿನಲ್ಲಿ ಒಂದು ಸಾಲು ಬರೆಯುವುದು. ಅವರಿಗೆ ಗೊತ್ತೂ ಆಗಬಾರದು. ಜೊತೆಗೆ ಇನ್ನೊಂದು ನಿಯಮ ಹಾಕಿದೆ: ಮೂರು ಸಲ ತಪ್ಪು ಹೊಡೆದರೆ ಆ ಅಕೌಂಟಿಗೆ ಹತ್ತು ನಿಮಿಷ ಬೀಗ. ಬೀಗ ಬಿದ್ದಾಗ ಮತ್ತೆ ಹೊಡೆದರೆ ಹತ್ತು ನಿಮಿಷ ಮೊದಲಿನಿಂದ ಎಣಿಕೆ.

ನನ್ನ ಅಕೌಂಟಿನಿಂದಲೇ ಪರೀಕ್ಷಿಸಿದೆ. ಒಳಗೆ ಬಿಟ್ಟಿತು. ಹೊಸ ಹ್ಯಾಶ್ ಆಯಿತೆಂದು ಲಾಗಿನಲ್ಲಿ ಸಾಲು ಬಂತು. ಕೇಸು ಓದುವ ಹಕ್ಕಿಲ್ಲದ ಆಫೀಸಿನವರ ಅಕೌಂಟು, ಔಷಧಿ ಅಂಗಡಿಯವರ ಅಕೌಂಟು ಎರಡೂ ಸಂಜೆಯೊಳಗೆ ಹೊಸದಾದವು. ವಾರ್ಡುಗಳಲ್ಲಿ ಸಿಸ್ಟರುಗಳು ಆಗಲೇ ಲಾಗಿನ್ ಆಗಿದ್ದರು, ಅವರನ್ನು ಕೆಣಕಲಿಲ್ಲ. ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆ ದಾಟಿತ್ತು. ಸೀದಾ ಬಟ್ಟೆ ಕೋಣೆಗೆ ಹೋದೆ. ಸರ್ವರಿಗೆ ಬ್ಯಾಟರಿ ಇದ್ದದ್ದರಿಂದ ಮುಂಜಾನೆ ಕರೆಂಟ್ ಹೋದಾಗ ವಾರ್ಡುಗಳ ಟರ್ಮಿನಲ್ಲುಗಳಷ್ಟೇ ಆರಿದ್ದವು, ಸರ್ವರಿನ ಮಾನಿಟರಿನಲ್ಲಿ ರವಿವಾರ ನಾನು ತೆರೆದಿಟ್ಟ ಪರದೆ ಹಾಗೇ ಇತ್ತು. ಲಾಗ್ ಫೈಲು ತೆರೆದು ನೋಡಿದೆ. ಸಿಸ್ಟರುಗಳ ಅಕೌಂಟಿನ ಹೆಸರಿನಲ್ಲಿ ತಪ್ಪು ಪಾಸ್‌ವರ್ಡ್, ತಪ್ಪು ಪಾಸ್‌ವರ್ಡ್, ತಪ್ಪು ಪಾಸ್‌ವರ್ಡ್. ಕೆಳಗಿನ ವಾರ್ಡಿನಿಂದ, ಮೇಲಿನಿಂದ, ಓಪಿಡಿಯಿಂದ. ನಲವತ್ತಕ್ಕೂ ಹೆಚ್ಚು ಸಾಲು.

ಯಾರೋ ಹೊಕ್ಕಿದ್ದಾರೆ ಅಂದುಕೊಂಡೆ. ನಾನು ಬಾಗಿಲು ಬದಲಿಸುವ ಹೊತ್ತಿಗೇ ಕಾದು ಕೂತು ಯಾರೋ ಒಳಗೆ ಬಂದು, ಪಾಸ್‌ವರ್ಡ್ ಬದಲಿಸಿ, ಎಲ್ಲವನ್ನೂ ತಮ್ಮ ವಶಕ್ಕೆ ತೆಗೆದುಕೊಂಡಿದ್ದಾರೆ. ಇಂಥ ಆಸ್ಪತ್ರೆಗಳ ಸುದ್ದಿ ಓದಿದ್ದೆ. ಹೊರಗಿನ ಇಂಟರ್ನೆಟ್ ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ತಲೆ ಸರಿ ಇದ್ದವರು ಕಿತ್ತು ಕೆಳಗಿಡುತ್ತಿದ್ದರು. ನಾನು ಹಾಗೇ ಹಿಡಿದುಕೊಂಡು ನಿಂತಿದ್ದೆ.

ಆಗ ಡಾಕ್ಟರ್ ಸಾಹೇಬರು ಬಾಗಿಲಿಗೆ ಬಂದರು. ಅವರು ಬಟ್ಟೆ ಕೋಣೆಗೆ ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಮೇಡಂ, ಒಂದ ಕೇಸ್ ಪೇಪರ್ ಬೇಕಾಗೇತಿ. ಎಷ್ಟೊತ್ತಾಗತೈತಿ?"

ಯಾವ ಕೇಸು ಅಂತ ಕೇಳಿದೆ. ಹೆರಿಗೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ನೋವು ತಿನ್ನುತ್ತಿದ್ದಳು. ತವರು ಪಶುಪತಿಹಾಳ, ಗಂಡನ ಮನೆ ಕಲಘಟಗಿ ಕಡೆ ತಂಬೂರ. ಎರಡು ವರ್ಷದ ಹಿಂದೆ ಮೊದಲನೆಯ ಹೆರಿಗೆ ನಮ್ಮಲ್ಲೇ ಆಗಿತ್ತು, ಹೊಟ್ಟೆ ಕೊಯ್ದು ತೆಗೆದಿದ್ದರು. ಈ ಸಲವೂ ಕೊಯ್ಯಲೇಬೇಕು. ಆದರೆ ಹಿಂದಿನ ಸಲ ಆಪರೇಷನ್ ಟೇಬಲ್ ಮೇಲೆ ಯಾವುದೋ ಇಂಜೆಕ್ಷನ್ ಕೊಟ್ಟ ಮೇಲೆ ಅವಳಿಗೆ ಉಸಿರು ಸಿಕ್ಕಿಬಿದ್ದು ಎಲ್ಲರೂ ಗಾಬರಿಯಾಗಿದ್ದರು. ಈಗಿನ ಡಾಕ್ಟರು ಆಗ ಇರಲಿಲ್ಲ. ಯಾವ ಇಂಜೆಕ್ಷನ್ ಅಂತ ಅವಳಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಮನೆಗೆ ಕೊಟ್ಟ ಚೀಟಿ ತಂಬೂರದಲ್ಲಿ ಯಾವುದೋ ಟ್ರಂಕಿನೊಳಗೆ. ಇನ್ನೊಂದು ಕಡೆ ಅದು ಇದ್ದದ್ದು ನನ್ನ ಸರ್ವರಿನಲ್ಲಿ.

"ಕೂಸಿನ ಎದಿಬಡಿತ ಸದ್ಯ ಸರಿ ಐತಿ," ಅಂದರು ಡಾಕ್ಟರು. "ಹನ್ನೊಂದರತನಾ ಕಾಯ್ತೇನಿ. ಯಾವ ಔಷಧಿ ಅಂತ ಗೊತ್ತಾಗ್ಲಿಲ್ಲಂದ್ರ ಹುಬ್ಬಳ್ಳಿಗೆ ಕಳಸ್ತೇನಿ. ಆದ್ರ ಹಳೇ ಹೊಲಿಗಿ ಮ್ಯಾಲೆ ನೋವು ಬರಾಕತ್ತೈತಿ. ದಾರ್ಯಾಗ ಬಿಚ್ಚಿಕೊಂಡ್ರ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ದನಿ ಏರಿಸದೆ ಹೇಳಿದರು. ಏರಿಸಿದ್ದರೆ ನನಗೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ.

"ಸಾಹೇಬ್ರ, ನಿಮ್ಮ ಅಕೌಂಟ್ ಐತಲ್ರಿ, ಅದರಿಂದ ನೋಡೂಣು?"

"ಅದರ ಪಾಸ್‌ವರ್ಡ್ ಒಂದ ದಿನಾನೂ ಹೊಡದಿಲ್ಲ ನಾನು. ಸಿಸ್ಟರ್ ಓದಿ ಹೇಳ್ತಿದ್ರು, ನಾ ಕೇಳ್ತಿದ್ದೆ."

ಅವರು ಹೋದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಯಾರು ಹೊಕ್ಕಿದ್ದರೇನು, ಮೊದಲು ರೂಟ್ ಅಧಿಕಾರ ತೆಗೆದುಕೊಂಡು ಆ ಕೇಸು ತೆರೆಯೋಣ ಅಂದುಕೊಂಡೆ. ರೂಟ್ ಅಂದರೆ ಈ ಯಂತ್ರದ ಯಜಮಾನಿಕೆ. ಅದು ಬೇಕೆಂದರೆ ನನ್ನ ಪಾಸ್‌ವರ್ಡನ್ನು ಇನ್ನೊಮ್ಮೆ ಕೇಳುತ್ತದೆ. ಹೊಡೆದೆ. ತಪ್ಪು ಅಂತು. ಅಂಜಿದ ಕೈ ಜಾರಿರಬೇಕು ಅಂತ ಒಂದೊಂದೇ ಅಕ್ಷರ ನೋಡಿಕೊಂಡು ಹೊಡೆದೆ. ತಪ್ಪು. ಮೂರನೆಯ ಸಲ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹೊಡೆದೆ. ತಪ್ಪು. ನಾನೇ ಹಾಕಿದ ನಿಯಮದಂತೆ ನನ್ನ ಅಕೌಂಟಿಗೂ ಹತ್ತು ನಿಮಿಷ ಬೀಗ ಬಿತ್ತು.

ಹತ್ತು ವರ್ಷದಿಂದ ಹೊಡೆಯುತ್ತ ಬಂದ ಪಾಸ್‌ವರ್ಡ್ ಅದು. ಈಗ ಅದು ನನ್ನದಲ್ಲ ಅನ್ನುತ್ತಿದೆ. ಹೊಕ್ಕವರು ಯಾರೋ ನನ್ನದನ್ನೂ ಬದಲಿಸಿದ್ದಾರೆ ಅಂತ ಖಾತ್ರಿಯಾಯಿತು. ತೆರೆದಿದ್ದ ಪರದೆಯಿಂದ ಲಾಗ್ ಓದಬಹುದಿತ್ತು, ಬೇರೇನೂ ಮುಟ್ಟುವಂತಿರಲಿಲ್ಲ. ಬ್ಯಾಕಪ್ ಇದ್ದದ್ದೂ ಅದೇ ಡಿಸ್ಕಿನಲ್ಲಿ, ಅದನ್ನು ತೆರೆಯಲಿಕ್ಕೂ ರೂಟೇ ಬೇಕು. ಗೋಡೆಯಾಚೆ ಹೆರಿಗೆ ಕೋಣೆ. ಆ ಹೆಣ್ಣುಮಗಳು ನರಳುವುದು ಕೇಳುತ್ತಿತ್ತು. ಕೇಳದಿದ್ದಾಗ ಇನ್ನೂ ಅಂಜಿಕೆಯಾಗುತ್ತಿತ್ತು.

ಉಳಿದದ್ದು ಒಂದೇ ದಾರಿ. ಯಂತ್ರವನ್ನು ಆರಿಸಿ, ಮತ್ತೆ ಹಚ್ಚುವಾಗ ನಡುವೆ ತಡೆದು, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವುದು. ಎದುರಿಗೆ ಕೂತವರಿಗೆ ಆ ಅವಕಾಶ ಇರುತ್ತದೆ. ನಾನು ಅದನ್ನು ಎಷ್ಟೋ ಯಂತ್ರಗಳ ಮೇಲೆ ಮಾಡಿದ್ದೇನೆ. ಆದರೆ ಈ ಸರ್ವರಿನಲ್ಲಿ ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ಎರಡು ಡಿಸ್ಕ್ ಹಾಕಿದ್ದರು, ಅದರಲ್ಲಿ ಒಂದು ಸತ್ತಿತ್ತು. ಹೊಸದು ಇನ್ನೂ ಬಂದಿರಲಿಲ್ಲ. ಉಳಿದದ್ದು ಕೆಲವು ದಿನಗಳಿಂದ ಟಕ್ ಟಕ್ ಅನ್ನುತ್ತಿತ್ತು. ತಿರುಗುತ್ತ ಇರುವವರೆಗೆ ತಿರುಗುತ್ತದೆ, ಒಮ್ಮೆ ನಿಲ್ಲಿಸಿದರೆ ಮತ್ತೆ ಏಳುತ್ತದೆಂಬ ಭರವಸೆ ಇಲ್ಲ. ಏಳದಿದ್ದರೆ ಆ ಕೇಸು ಹನ್ನೊಂದಕ್ಕೂ ಸಿಗುವುದಿಲ್ಲ, ಎಂದೆಂದಿಗೂ ಸಿಗುವುದಿಲ್ಲ.

ಪವರ್ ಬಟನ್ ಮೇಲೆ ಬೆರಳಿಟ್ಟೆ. ಹತ್ತು ಹದಿನೈದಾಗಿತ್ತು. ಒತ್ತಲಿಲ್ಲ, ತೆಗೆಯಲೂ ಇಲ್ಲ.

ಅಷ್ಟರಲ್ಲಿ ಕಮಡೊಳ್ಳಿ ಸಿಸ್ಟರ್ ಒಳಗೆ ಬಂದಳು. "ಏನಾತ್ರಿ ಅಕ್ಕಾರ? ಆಕಿ ತಾಯಿ ನನ್ನ ಕೈ ಬಿಡವಲ್ಲಳು."

"ಖರೇ ಹೇಳ್ರಿ ಸಿಸ್ಟರ್, ಮುಂಜಾನಿ ಏನಂತ ಹೊಡದ್ರಿ ಪಾಸ್‌ವರ್ಡ್?"

"ಯಾರಿಗೂ ಹೇಳಬಾರದು ಅಂತ ನೀವ ಬೋರ್ಡ್ ಹಚ್ಚೀರಲ್ರಿ."

"ಈಗ ಹೇಳ್ರಿ. ನಾನ ಹೇಳಾಕತ್ತೇನಿ."

"ಗುರೆಳ್ಳು ಚಟ್ನಿ ಕಮಡೊಳ್ಳಿ. ಕೂಡಿಸಿ ಹೊಡಿಯೂದು, ಇಂಗ್ಲಿಷಿನ್ಯಾಗ."

"ಯರಗುಪ್ಪಿ ಸಿಸ್ಟರ್ ಏನ್ ಹೊಡದ್ರು?"

"ಗುರೆಳ್ಳು ಚಟ್ನಿ ಯರಗುಪ್ಪಿ. ಆಕಿ ಊರು ಯರಗುಪ್ಪಿ ಅಲ್ರಿ?" ಇದೇನು ಕೇಳುತ್ತಾಳೆ ಅನ್ನುವ ಹಾಗೆ ನನ್ನನ್ನು ನೋಡಿದಳು.

ನನಗೆ ಸಿಟ್ಟು ಬಂತು. ಸಿಸ್ಟರುಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಅಕೌಂಟು. "ಒಂದ ಅಕೌಂಟಿಗೆ ಎರಡ ಪಾಸ್‌ವರ್ಡ್ ಇರಾಕ ಬರೂದಿಲ್ಲ ಸಿಸ್ಟರ್."

"ಎರಡಲ್ರಿ, ಒಂಬತ್ತ ಅದಾವು. ಒಬ್ಬೊಬ್ರಿಗೆ ಒಂದೊಂದು." ಆಕೆಗೂ ಸಿಟ್ಟು ಬಂದಿತ್ತು. "ತಮ್ಮ ತಮ್ಮ ಪಾಸ್‌ವರ್ಡ್ ತಮಗ ಬ್ಯಾರೇನ ಇರಬೇಕಂತ ಆಫೀಸಿನವ್ರು ಅಂದಿದ್ರಲ್ರಿ, ನೀವು ಬರೂಕಿಂತ ಮೊದಲ. ಅವಾಗ ಹಿರೇ ಸಿಸ್ಟರ್ ಹೇಳಿದ್ರು, ಗುರೆಳ್ಳು ಚಟ್ನಿ ಅಂತ ಹೊಡದು ಮುಂದ ನಿಮ್ಮ ನಿಮ್ಮ ಊರು ಹಚ್ರಿ ಅಂತ. ಹಚ್ಚಿದಿವಿ. ಎಲ್ಲಾರಿಗೂ ಬಿಟ್ಟಿತು. ಕಂಪ್ಯೂಟರಿಗೆ ನಮ್ಮ ಊರು ಗೊತ್ತೈತಿ ಅಂತ ತಿಳದಿದ್ವಿ."

ಬೆರಳನ್ನು ಬಟನ್ ಮೇಲಿಂದ ತೆಗೆದೆ.

ನನ್ನ ನೋಟ್‌ಬುಕ್ ಚೀಲದಲ್ಲೇ ಇತ್ತು. ತೆರೆದರೆ ರವಿವಾರದ ಪುಟದಲ್ಲಿ, ಕೆಂಪು ಪೆನ್ನಿನಲ್ಲಿ, ನನ್ನದೇ ಅಕ್ಷರ: ಹಳೆಯ ಹ್ಯಾಶ್ ಮೊದಲ ಎಂಟು ಅಕ್ಷರ ಮಾತ್ರ ನೋಡುತ್ತದೆ, ಬದಲಿಸಬೇಕು. ಬರೆದಿದ್ದೆ, ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಹಳೆಯ ಒರಳಿಗೆ ಹಿಡಿಯುತ್ತಿದ್ದದ್ದು ಎಂಟು ಅಕ್ಷರ. ಒಂಬತ್ತನೆಯದರಿಂದ ಮುಂದಿನದನ್ನು ಅದು ಅರೆಯುತ್ತಲೇ ಇರಲಿಲ್ಲ. ಬೆರಳು ಮಡಿಚಿ ಇಂಗ್ಲಿಷ್ ಅಕ್ಷರ ಎಣಿಸಿದೆ. ಗುರೆಳ್ಳು ಮುಗಿದು ಚಟ್ನಿಯ ಮೊದಲ ಅಕ್ಷರಕ್ಕೆ ಎಂಟು. ಅಲ್ಲಿಂದಾಚೆ ಕಮಡೊಳ್ಳಿ ಹೊಡೆದರೂ ಅಷ್ಟೇ, ಯರಗುಪ್ಪಿ ಹೊಡೆದರೂ ಅಷ್ಟೇ, ಏನೂ ಹೊಡೆಯದಿದ್ದರೂ ಅಷ್ಟೇ. ಎಷ್ಟೋ ವರ್ಷ ಒಂಬತ್ತು ಮಂದಿಯೂ ಒಂದೇ ಬಾಗಿಲಿನಿಂದ ಹೋಗಿಬಂದಿದ್ದಾರೆ, ಒಬ್ಬೊಬ್ಬರಿಗೂ ತನ್ನದೇ ಬಾಗಿಲು ಇದೆ ಅಂದುಕೊಂಡು.

ನನ್ನ ಸ್ಕ್ರಿಪ್ಟು ಏನು ಮಾಡಿತ್ತು? ರವಿವಾರದ ನಂತರ ಆ ಅಕೌಂಟಿಗೆ ಮೊದಲು ಬಂದ ಸಿಸ್ಟರನ್ನು ಹಳೆಯ ಹ್ಯಾಶಿನಿಂದ ಒಳಗೆ ಬಿಟ್ಟು, ಅವಳು ಹೊಡೆದ ಪೂರಾ ಪಾಸ್‌ವರ್ಡನ್ನು, ಊರ ಹೆಸರೂ ಸೇರಿ, ಹೊಸದಾಗಿ ಅರೆದು ಇಟ್ಟುಕೊಂಡಿತ್ತು. ಹೊಸ ಹ್ಯಾಶ್ ಕೊನೆಯ ಅಕ್ಷರದವರೆಗೂ ನೋಡುತ್ತದೆ. ಒಂಬತ್ತು ಊರುಗಳಲ್ಲಿ ಒಂದು ಊರು ಉಳಿದು, ಎಂಟು ಊರುಗಳಿಗೆ ಬಾಗಿಲು ಹಾಕಿತ್ತು. ನನ್ನ ಪಾಸ್‌ವರ್ಡಿಗೂ ಹಾಗೇ ಆಗಿತ್ತು. ರವಿವಾರ ಹೊಡೆಯುವಾಗ ಎಂಟರ ಮುಂದೆ ಎಲ್ಲೋ ಬೆರಳು ತಪ್ಪಿದೆ, ಹಳೆಯ ಹ್ಯಾಶ್ ಅದನ್ನು ಗಮನಿಸದೆ ಬಿಟ್ಟಿದೆ, ಸ್ಕ್ರಿಪ್ಟು ಆ ತಪ್ಪನ್ನೇ ನಂಬಿ ಇಟ್ಟುಕೊಂಡಿದೆ.

ಯಾರೂ ಹೊಕ್ಕಿರಲಿಲ್ಲ. ಮಾಡಿದವಳು ನಾನು. ಇದು ಗೊತ್ತಾದ ಮೇಲೆ ಅಂಜಿಕೆ ಕಡಿಮೆಯಾಗಲಿಲ್ಲ. ಕಳ್ಳನ ಅಂಜಿಕೆ ಹೋಗಿ ನನ್ನದೇ ಅಂಜಿಕೆ ಬಂತು.

ಲಾಗಿನಲ್ಲಿ ಹಿಂದಕ್ಕೆ ಹೋದೆ. ಮುಂಜಾನೆ ಐದು ನಲವತ್ತೆರಡಕ್ಕೆ, ಹೆರಿಗೆ ಕೋಣೆಯ ಟರ್ಮಿನಲ್ಲಿನಿಂದ, ಸಿಸ್ಟರ್ ಅಕೌಂಟಿಗೆ ಹೊಸ ಹ್ಯಾಶ್. ಕರೆಂಟ್ ಹೋಗಿ ಬಂದ ಮೇಲೆ ಮೊದಲು ಲಾಗಿನ್ ಆದವರದು.

"ಐದೂ ಮುಕ್ಕಾಲಿಗೆ ಡ್ಯೂಟಿ ಮ್ಯಾಲೆ ಯಾರಿದ್ರು?"

"ಗುಡಗೇರಿ ಸಿಸ್ಟರ್. ಎಂಟಕ್ಕ ಮನಿಗೆ ಹೋದ್ಲು."

ಫೋನು ಹಚ್ಚಿದರೆ ಸ್ವಿಚ್ ಆಫ್. ನೈಟ್ ಡ್ಯೂಟಿ ಮುಗಿಸಿ ಹೋದವರು ಫೋನು ಆರಿಸಿಯೇ ಮಲಗುವುದು. ಆಕೆಯನ್ನು ಕರೆತರಲು ಆಂಬುಲೆನ್ಸನ್ನು ಕಳಿಸುವಂತಿಲ್ಲ, ಅದು ಹನ್ನೊಂದಕ್ಕೆ ಬೇಕಾಗಬಹುದು. ಆದರೂ ಪಾಸ್‌ವರ್ಡ್ ಏನೆಂದು ಊಹಿಸಬಹುದಿತ್ತಲ್ಲ, ಗುರೆಳ್ಳು ಚಟ್ನಿ ಗುಡಗೇರಿ. ಅಡ್ಡ ಬಂದದ್ದು ಬೀಗ. ಅಕೌಂಟಿಗೆ ಬೀಗ ಬಿದ್ದಿದೆ, ಯಾರಾದರೂ ಹೊಡೆದಾಗಲೆಲ್ಲ ಹತ್ತು ನಿಮಿಷ ಮೊದಲಿನಿಂದ ಶುರುವಾಗುತ್ತಿದೆ. ಸರಿಯಾದ ಪಾಸ್‌ವರ್ಡ್ ಹೊಡೆದರೂ ಬೀಗ ಇರುವತನಕ ಅದು ತೆಗೆಯುವುದಿಲ್ಲ.

ಎರಡೇ ದಾರಿ. ಯಂತ್ರ ಆರಿಸಿ ಹಚ್ಚುವುದು, ಇಲ್ಲಾ ಹತ್ತು ನಿಮಿಷ ಯಾರೂ ಏನೂ ಮಾಡದೆ ಕೂಡುವುದು. ಹಾಗೆ ಕೂತು, ಆಮೇಲೆ ನನ್ನ ಊಹೆ ತಪ್ಪಾದರೆ ಆ ಹತ್ತು ನಿಮಿಷವೂ ಹೋಯಿತು. ಆ ತಾಯಿಯ ಮುಂದೆ ನಿಂತು ಸುಮ್ಮನೆ ಕಾಯುತ್ತಿದ್ದೇವೆ ಅಂತ ಹೇಗೆ ಹೇಳಲಿ? ಏನಾದರೂ ಮಾಡು ಮಾಡು ಅಂತ ಕೈ ತುರಿಸುತ್ತಿತ್ತು. ಡಿಸ್ಕ್ ಟಕ್ ಅಂತು. ಕಾಯುವುದೆಂದು ನಿಶ್ಚಯ ಮಾಡಿದೆ.

"ಎಲ್ಲಾ ವಾರ್ಡಿಗೂ ಹೇಳ್ರಿ ಸಿಸ್ಟರ್, ಯಾರೂ ಕೀಬೋರ್ಡ್ ಮುಟ್ಟಬಾರದು. ಹತ್ತ ನಿಮಿಷ."

ಹತ್ತು ಇಪ್ಪತ್ತೈದರಿಂದ ಎಣಿಸತೊಡಗಿದೆ. ಪರದೆಯ ಮೇಲೆ ಲಾಗ್ ಸ್ತಬ್ಧ. ಏಳನೆಯ ನಿಮಿಷದಲ್ಲಿ ಒಂದು ಸಾಲು ಮೇಲೆದ್ದು ಬಂತು: ಮೇಲಿನ ವಾರ್ಡು, ತಪ್ಪು ಪಾಸ್‌ವರ್ಡ್. ಮೆಟ್ಟಿಲು ಹತ್ತಿ ಓಡಿದೆ. ಯರಗುಪ್ಪಿ ಸಿಸ್ಟರ್ ಟರ್ಮಿನಲ್ಲಿನ ಮುಂದೆ ನಿಂತಿದ್ದಳು.

"ಅವಸರದ ಕೇಸಂತಲ್ರಿ ಅಕ್ಕಾರ. ಏನರ ಹತ್ತೀತೇನಂತ ಒಂದ ಸಲಾ ಹೊಡದ ನೋಡಿದೆ."

ಆಕೆಗೆ ಏನೆಂದು ಬೈಯಲಿ? ನನ್ನ ಕೈ ತುರಿಸಿದ ಹಾಗೆ ಆಕೆಯದೂ ತುರಿಸಿತ್ತು, ಅಷ್ಟೆ. ಕೆಳಗೆ ಬಂದು ಮೊದಲೇ ಮಾಡಬೇಕಾಗಿದ್ದನ್ನು ಮಾಡಿದೆ. ಹೆರಿಗೆ ಕೋಣೆಯದೊಂದನ್ನು ಬಿಟ್ಟು ಉಳಿದ ಎಲ್ಲ ವಾರ್ಡುಗಳ ಕೇಬಲ್ ಕಿತ್ತೆ. ಹತ್ತು ಮೂವತ್ಮೂರು. ಮತ್ತೆ ಸೊನ್ನೆಯಿಂದ.

ಆ ಹತ್ತು ನಿಮಿಷ ನಾನು ಹೆರಿಗೆ ಕೋಣೆಯ ಹೊರಗಿನ ಟರ್ಮಿನಲ್ಲಿನ ಮುಂದೆ ಕೂತೆ. ಬೆಂಚಿನ ಮೇಲೆ ಆ ಹೆಣ್ಣುಮಗಳ ತಾಯಿ. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಕೇಳಿದಳು, "ಯವ್ವಾ, ಯಾಕ ಸುಮ್ಕ ಕುಂತೀರ್ರಿ?"

"ಕೀಲಿ ಬಿದ್ದೈತ್ರಿ ಅವ್ವಾ. ತಾನ ಬಿಚ್ಚಿಕೊಳ್ಳೂತನಾ ಮುಟ್ಟಾಂಗಿಲ್ಲ."

ಒಳಗಿನಿಂದ ಮಗಳು "ಯವ್ವಾ" ಅಂದಾಗ ಇಬ್ಬರೂ ಬಾಗಿಲು ನೋಡಿದೆವು. ಗೋಡೆ ಗಡಿಯಾರದ ಮುಳ್ಳನ್ನು ನಾನು ಅಷ್ಟು ದ್ವೇಷಿಸಿದ್ದು ಆ ದಿನವೇ ಮೊದಲು.

ಹತ್ತು ನಲವತ್ನಾಲ್ಕಕ್ಕೆ ಕೈ ಒರೆಸಿಕೊಂಡು ಹೊಡೆದೆ. ಗುರೆಳ್ಳು ಚಟ್ನಿ ಗುಡಗೇರಿ.

ತಪ್ಪು.

ಬೀಗ ಬೀಳುವ ಮೊದಲು ಇನ್ನೆರಡು ಅವಕಾಶ. ಮೂರೂ ತಪ್ಪಿದರೆ ಮತ್ತೆ ಹತ್ತು ನಿಮಿಷ, ಅಷ್ಟರಲ್ಲಿ ಹನ್ನೊಂದು. ಕಮಡೊಳ್ಳಿ ಸಿಸ್ಟರ್ ನನ್ನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಗುಡಗೇರಿನ ಹೊಡದೀರಿಲ್ಲೋ?"

"ಹೊಡದೆ."

"ಮತ್ತ ಏನ್ ಹಚ್ಯಾಳ ಆಕಿ?"

ನಾನು ಕೀಬೋರ್ಡಿನ ಮೇಲಿದ್ದ ನನ್ನ ಕೈ ನೋಡಿದೆ. ನನ್ನ ಸ್ವಂತ ಪಾಸ್‌ವರ್ಡಿನ ಕೊನೆಯಲ್ಲೂ ಒಂದು ಊರಿದೆ. ಮದುವೆಯಾಗಿ ಹದಿನೆಂಟು ವರ್ಷ ಕುಂದಗೋಳದಲ್ಲಿದ್ದೇನೆ, ರೇಷನ್ ಕಾರ್ಡ್ ಕುಂದಗೋಳದ್ದು. ಆದರೆ ಯಾರೂ ನೋಡದ ಕಡೆ ಗುಟ್ಟಾಗಿ ಊರ ಹೆಸರು ಬರೆ ಅಂದಾಗ ನನ್ನ ಬೆರಳು ಬರೆದದ್ದು ಅಣ್ಣಿಗೇರಿ.

"ಸಿಸ್ಟರ್, ಗುಡಗೇರಿ ಆಕಿ ಗಂಡನ ಮನಿಯೇನು?"

"ಹೌದ್ರಿ."

"ತವರುಮನಿ ಯಾವುದು?"

"ಮಿಶ್ರಿಕೋಟಿ ಕಡಿಯಾಕಿ. ಆದ್ರ ಇಲ್ಲೆ ಸೇರಿದ್ದ ಮದಿವಿ ಆದ ಮ್ಯಾಲೆ ರೀ. ಗುಡಗೇರಿ ಅಂತನ ಕರದೇವಿ ಮೊದಲಿಂದ."

"ನೀವು ಯಾವುದು ಹಚ್ಚೀರಿ, ತವರೋ ಗಂಡನ ಮನಿಯೋ?"

"ನಂದು ಎರಡೂ ಕಮಡೊಳ್ಳಿನ ರೀ. ಸ್ವಾದರಮಾವನ್ನ ಮಾಡ್ಕೊಂಡೇನಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ಹೊತ್ತಿಗೆ ಅಳು ಬರುವುದೊಂದು ಬಾಕಿ ಇತ್ತು. ಗುಡಗೇರಿ ಸಿಸ್ಟರ್ ಜೊತೆ ನಾನು ನಾಲ್ಕು ಮಾತು ಸರಿಯಾಗಿ ಆಡಿದವಳಲ್ಲ. ಆಕೆ ಏನು ಬರೆದಿರಬಹುದು ಅನ್ನಲು ನನ್ನ ಹತ್ತಿರ ಇದ್ದದ್ದು ನನ್ನ ಬೆರಳಿನ ಸಾಕ್ಷಿ ಒಂದೇ. ಗುರೆಳ್ಳು ಚಟ್ನಿಯ ಮುಂದೆ ಮಿಶ್ರಿಕೋಟಿ ಅಂತ ಹೊಡೆದೆ. ಎಂಟರ್ ಒತ್ತುವ ಮೊದಲು ಕಣ್ಣು ಮುಚ್ಚಿಕೊಂಡೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಕೊಂಡದ್ದು ನಿಜ.

"ಬಿಟ್ಟಿತ್ರಿ," ಅಂದಳು ಕಮಡೊಳ್ಳಿ ಸಿಸ್ಟರ್, ಬಹಳ ಮೆಲ್ಲಗೆ.

ಆಮೇಲಿನದು ಆಕೆಯ ಕೆಲಸ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತು, ಹೆಸರು ಹುಡುಕಿ, ಎರಡು ವರ್ಷದ ಹಿಂದಿನ ಕೇಸು ತೆಗೆದು, ಔಷಧಿಯ ಹೆಸರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಒಳಗೆ ಓಡಿದಳು. ಆ ಹೆಸರು ನನಗೆ ಓದಲೂ ಬರಲಿಲ್ಲ. ಒಳಗಿನಿಂದ ಡಾಕ್ಟರ ದನಿ ಕೇಳಿತು, "ಇದನ್ನ ಕೊಡಾವ್ರಿದ್ವಿ ನಾವು." ಆಮೇಲೆ ಬಾಗಿಲು ಮುಚ್ಚಿತು.

ನಾನು ನೆಲದ ಮೇಲೆ ಕೂತೆ.

ಹೆಣ್ಣು ಕೂಸು. ಹನ್ನೊಂದೂವರೆಗೆ ಅತ್ತದ್ದು ಕೇಳಿತು. ತಾಯಿಯೂ ಕ್ಷೇಮ ಅಂತ ಡಾಕ್ಟರು ಹೊರಗೆ ಬಂದು ಹೇಳಿದಾಗ ಆ ಹೆಣ್ಣುಮಗಳ ಅವ್ವ, ಈಗ ಎರಡನೆಯ ಸಲ ಅಜ್ಜಿಯಾದವಳು, ಅವರ ಕಾಲಿಗೆ ಬಿದ್ದು, ಅಲ್ಲಿಂದ ಎದ್ದು ಸೀದಾ ನನ್ನ ಹತ್ತಿರ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಯವ್ವಾ, ನೀವು ಕೀಲಿ ತಗದ್ರಂತ. ಸಿಸ್ಟರ್ ಹೇಳಿದ್ರು."

ಸುಮ್ಮನಿರಬಹುದಿತ್ತು. ಆಗಬೇಕಾದದ್ದು ಆಗಿತ್ತು. ಸುಮ್ಮನಿದ್ದುಬಿಡು ಅಂತ ಒಂದು ಮನಸ್ಸು ಹೇಳಿತೂ ಹೇಳಿತು. ಆದರೆ ಡಾಕ್ಟರು ಅಲ್ಲೇ ನಿಂತಿದ್ದರು, ಹೇಳುವುದಿದ್ದರೆ ಇಬ್ಬರಿಗೂ ಒಮ್ಮೆಗೇ ಆಗಲಿ ಅನ್ನಿಸಿತು.

"ಅವ್ವಾ, ಕೀಲಿ ಹಾಕಿದಾಕಿನೂ ನಾನರಿ. ನಿನ್ನೆ ಯಂತ್ರಕ್ಕ ಏನೋ ರಿಪೇರಿ ಮಾಡಾಕ ಹೋಗಿ ನಾನ ತಪ್ಪ ಮಾಡಿದ್ದೆ. ನನ್ನಿಂದನ ನಿಮ್ಮ ಮಗಳು ಕಾಯೂವಂಗಾತು."

ಆಕೆ ಕೈ ಬಿಡಲಿಲ್ಲ. "ಇಷ್ಟ ಅಂಜಬ್ಯಾಡ್ರಿ. ಬರ್ರಿ, ಕೂಸಿನ್ನ ನೋಡೂಣು," ಅಂದಳು.

ಡಾಕ್ಟರು ಮಧ್ಯಾಹ್ನ ಕರೆಸಿ, ಯಾವ ಔಷಧಿ ಆಗಿಬರುವುದಿಲ್ಲವೆಂಬುದನ್ನು ಇನ್ನು ಮುಂದೆ ಕಾಗದದ ಮೇಲೂ ಬರೆದು ಕಪಾಟಿನಲ್ಲಿಡಬೇಕು ಅಂದರು. "ನಂದೂ ತಪ್ಪೈತಿ. ನನ್ನ ಪಾಸ್‌ವರ್ಡ್ ಮಾಡಿ ಕೊಡ್ರಿ, ಹೊಡಿಯೂದ ಕಲೀತೇನಿ," ಅಂತಲೂ ಅಂದರು.

ಕೇಸುಗಳನ್ನೆಲ್ಲ ಸಿಸ್ಟರ್ ಅಕೌಂಟಿನಿಂದಲೇ ನಕಲು ತೆಗೆದಿಟ್ಟುಕೊಂಡ ಮೇಲೆ, ಸಂಜೆ ಯಂತ್ರವನ್ನು ಆರಿಸಿ ಹಚ್ಚಿದೆ. ಡಿಸ್ಕು ಎದ್ದಿತು. ಆ ಸ್ಕ್ರಿಪ್ಟನ್ನು ತೆಗೆದೆ, ಹತ್ತು ನಿಮಿಷದ ಬೀಗವನ್ನು ಒಂದು ನಿಮಿಷಕ್ಕೆ ಇಳಿಸಿದೆ, ನನ್ನ ಪಾಸ್‌ವರ್ಡ್ ಹೊಸದು ಮಾಡಿಕೊಂಡೆ. ರವಿವಾರ ಅಣ್ಣಿಗೇರಿಯಲ್ಲಿ ಯಾವ ಅಕ್ಷರ ತಪ್ಪಿದ್ದೆ ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಅರೆದದ್ದು ವಾಪಸು ಬರುವುದಿಲ್ಲ.

ಮರುದಿನ ಮಧ್ಯಾಹ್ನ ಎಲ್ಲ ಸಿಸ್ಟರುಗಳನ್ನೂ ಕೂಡಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಅಕೌಂಟು ಮಾಡಿಕೊಡಲು ಕೂತೆ. ನಡೆದದ್ದನ್ನು ಹೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಯರಗುಪ್ಪಿ ಸಿಸ್ಟರ್ ಬೇರೆಯದನ್ನೇ ಕೇಳಿದಳು. "ಅಂದ್ರ ಇಷ್ಟ ವರ್ಷ ಅದು ನಮ್ಮ ಊರು ನೋಡೇ ಇಲ್ಲೇನ್ರಿ?"

"ಇಲ್ರಿ."

"ಬರೇ ಗುರೆಳ್ಳ ನೋಡಿ ಬಿಡ್ತಿತ್ತಾ," ಅಂದಳು. ಆಕೆಗೆ ನಿಜವಾಗಿಯೂ ಬೇಸರವಾಗಿತ್ತು.

ಹೊಸ ಅಕೌಂಟಿನ ಹೆಸರು ಎಲ್ಲರಿಗೂ ಊರಿನ ಮೇಲೇ ಇಟ್ಟುಕೊಂಡು ಬಂದೆ, ಕರೆಯುವುದು ಹಾಗೇ ಅಲ್ಲವೇ. ಕೊನೆಗೆ ಗುಡಗೇರಿ ಸಿಸ್ಟರ್ ಬಂದು ನನ್ನ ಎದುರು ಕೂತಳು. ಆಕೆಯ ಪಾಸ್‌ವರ್ಡಿನಿಂದಲೇ ಬಾಗಿಲು ತೆರೆಯಿತು ಅಂತ ಎಲ್ಲರೂ ಹೇಳಿ ಹೇಳಿ ಆಕೆಯ ಮುಖ ಸಣ್ಣದಾಗಿತ್ತು. ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು.

"ಅಕ್ಕಾರ, ಮಿಶ್ರಿಕೋಟಿ ಅಂತ ಹಚ್ಚಿದ್ದು ನಮ್ಮ ಮನ್ಯಾಗ ಗೊತ್ತಾಗೂದು ಬ್ಯಾಡ್ರಿ. ಅತ್ತಿಯಾರು ಏನರ ತಿಳ್ಕೊಂಡಾರು."

"ನನ್ನ ಪಾಸ್‌ವರ್ಡಿನ್ಯಾಗ ಅಣ್ಣಿಗೇರಿ ಇತ್ತು," ಅಂದೆ. "ನಮ್ಮ ಅತ್ತಿಯಾರಿಗೂ ಗೊತ್ತಿಲ್ಲ."

ಆಕೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು ಕೇಳಿದೆ, ಅಕೌಂಟಿನ ಹೆಸರು ಏನಿಡಲಿ, ಗುಡಗೇರಿ ಅಂತಲೋ ಮಿಶ್ರಿಕೋಟಿ ಅಂತಲೋ. ಪಾಸ್‌ವರ್ಡಿನ ಹಾಗಲ್ಲ, ಇದು ಎಲ್ಲರಿಗೂ ಕಾಣುತ್ತದೆ ಅಂತಲೂ ಹೇಳಿದೆ.

ಆಕೆ ಬಾಗಿಲ ಕಡೆ ತಿರುಗಿದಳು. ಹೊರಗೆ ಆ ಕೂಸು ಅಳುತ್ತಿತ್ತು, ಅಜ್ಜಿ ಅದನ್ನು ಎತ್ತಿಕೊಂಡು ಓಡಾಡುವುದು ಬಾಗಿಲಿನಿಂದ ಕಾಣುತ್ತಿತ್ತು.

"ಊರು ಬ್ಯಾಡ್ರಿ ಅಕ್ಕಾರ," ಅಂದಳು. "ನನ್ನ ಹೆಸರ ಹಾಕ್ರಿ."

ಹೆಸರೇನು ಅಂತ ನಾನು ಕೇಳಬೇಕಾಯಿತು.